ಕೆಳಗಿಡಲಾಗದ ನಿಜವೃತ್ತಾಂತ

ಕಾದಂಬರಿಯನ್ನು ಹಿಡಿದ ಮಕ್ಕಳು ಊಟಕ್ಕೆ ಕರೆದರೂ ಏಳರೆಂದು ಗೃಹಸ್ಥರು ಹೇಳುವುದುಂಟು. ನಿಜವೃತ್ತಾಂತದ ಗ್ರಂಥಕ್ಕೂ ಅಂಥ ಆಕರ್ಷಣೆಯುಂಟೆಂಬುದು ನಮ್ಮ ಮತ; ಆದರೆ ಓದನ್ನು ತಮ್ಮ ಊರಿನ ಪುಟದಿಂದ ಆರಂಭಿಸಬೇಕು.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ತರುವಾಯ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯಲ್ಲಿ ಸಂಚರಿಸಿದನು. ಆ ಪ್ರವಾಸದ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಚನ್ನಪಟ್ಟಣ, ಮಾಗಡಿಗಳು ಅದರಲ್ಲಿವೆ. ಇಂದು ಮರದ ಗೊಂಬೆಗಳಿಗೆ ಹೆಸರಾದ ಚನ್ನಪಟ್ಟಣವು ಅಂದು ವಾದ್ಯಗಳ ಉಕ್ಕಿನ ತಂತಿಗೆ ಪ್ರಸಿದ್ಧವಾಗಿತ್ತೆಂದು ಓದಿದವನು ಪುಸ್ತಕವನ್ನು ಮುಚ್ಚುವನೇ? ಉಕ್ಕು ಎಲ್ಲಿಯದು, ತಂತಿಯನ್ನು ಎಳೆದವರಾರು ಎಂಬ ಕುತೂಹಲವೇ ಮುಂದಿನ ಹಾಳೆಯನ್ನು ತಿರುಗಿಸುವುದು. ಕಸುಬುದಾರರನ್ನು ಕಂಡಲ್ಲಿ ಸಾಮಗ್ರಿಯೇನು, ವಿಧಾನವೇನು, ಬೆಲೆಯೇನು ಎಂದು ವಿಚಾರಿಸುವುದು ಬುಕಾನನನ ಪದ್ಧತಿ. ಆದರೂ ಅವನು ಗೆದ್ದವರ ಕಡೆಯವನೆಂಬುದನ್ನು ಮರೆಯದೆ ಓದತಕ್ಕದ್ದು.

ಕನ್ನಡದಲ್ಲಿಯೇ ಓದಬಯಸುವವರಿಗೆ ಎಚ್. ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳುಂಟು. ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ ಆ ಮಹನೀಯರೇ ವಿದೇಶೀ ಯಾತ್ರಿಕರ ಬರಹಗಳನ್ನು ನಮ್ಮ ನುಡಿಗೆ ತಂದರು.

ದೀಪ ಹಚ್ಚಿದ ಮೇಲೆ ಮನೆಯಲ್ಲೊಬ್ಬರು ನಾಲ್ಕು ಪುಟ ಗಟ್ಟಿಯಾಗಿ ಓದಲಿ; ಉಳಿದವರು ಕೇಳಲಿ. ನಮ್ಮ ಓಣಿಯ ಕಸುಬುಗಳು ಯಾವಾಗ ನಿಂತುವು, ಏಕೆ ನಿಂತುವು ಎಂದು ಮಕ್ಕಳು ಅಜ್ಜಅಜ್ಜಿಯರನ್ನು ಪ್ರಶ್ನಿಸಲಿ. ಹಿರಿಯರು ಕಣ್ಮರೆಯಾದ ಮೇಲೆ ಪರದೇಶಿಯ ಮಾತೊಂದೇ ಸಾಕ್ಷಿಯಾಗಿ ಉಳಿಯುವುದು. ಅದನ್ನು ತಿದ್ದಿ ಹೇಳುವವರು ಮನೆಯಲ್ಲಿರರು.