ಅಟ್ಟದ ಪೆಟ್ಟಿಗೆ

ಜಯಪುರದ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆಯಿದೆ. ಅದರಲ್ಲಿ ಮೂರು ಕಡತಗಳು, ಕೆಲವು ಕ್ರಯಪತ್ರಗಳು, ಅಂಚಿನಲ್ಲಿ ಜನನ ಮರಣಗಳನ್ನು ಗುರುತು ಹಾಕಿದ ಪಂಚಾಂಗಗಳು. ಕಡತವೆಂದರೆ ಇಂದಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕರಿಯ ಪುಸ್ತಕ. ನೆರೆಯ ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಹೇರಳವಾಗಿವೆ, ಎ. ಕೆ. ಶಾಸ್ತ್ರಿಯವರು ಅವುಗಳನ್ನು ಓದಿ ಶೃಂಗೇರಿಯ ಇತಿಹಾಸವನ್ನು ಬರೆದರು. ಮಠದ ಕಡತ ಇತಿಹಾಸವಾಗುವುದಾದರೆ ಮನೆಯ ಕಡತವೇಕೆ ಆಗಬಾರದು?

ನನ್ನ ಮೊಮ್ಮಗಳು ನಮ್ಮ ವಂಶವೃಕ್ಷವನ್ನು ಬರೆಯಲು ತೊಡಗಿದಳು. ಒಂದು ಹೆಸರಿನ ಕೆಳಗೆ, 'ಶಾರ್ವರಿ ಸಂವತ್ಸರದಲ್ಲಿ ತೋಟ ಕೊಂಡವರು. ಆಧಾರ: ಮನೆಯ ಕಾಗದ' ಎಂದಿತ್ತು.

"ಯಾವ ಕಾಗದವಮ್ಮ?" ಎಂದೆ.

"ಯಾವುದಾದರೇನಜ್ಜ, ನಮ್ಮದೇ ಅಲ್ಲವೆ?"

ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆಯಷ್ಟೆ. ಶಾರ್ವರಿ 1840ರಲ್ಲಿಯೂ ಬಂದಿತ್ತು, 1900ರಲ್ಲಿಯೂ ಬಂದಿತ್ತು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿ ವಾಡಿಕೆ. ಆ ಎರಡು ಶಾರ್ವರಿಗಳಲ್ಲಿಯೂ ಮನೆಯ ಯಜಮಾನನ ಹೆಸರು ಒಂದೇ! ಕ್ರಯಪತ್ರವನ್ನು ಬಿಡಿಸಿ ನೋಡಿದೆವು. ನೋಂದಣಿ ಕಚೇರಿಯ ಮೊಹರಿತ್ತು. ತೋಟ ಕೊಂಡವನು ಮೊಮ್ಮಗ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಮನೆಯಲ್ಲಿ ಎಲ್ಲರೂ ನಂಬಿದ್ದ ವಂಶಾವಳಿ ನನ್ನ ದೊಡ್ಡಪ್ಪ ಮಾಡಿದ ನಕಲು. ಅದರಲ್ಲಿ ಗಂಡಸರ ಹೆಸರುಗಳಷ್ಟೇ ಇವೆ. ಅದಕ್ಕಿಂತ ಎಷ್ಟೋ ಹಳೆಯದಾದ ಕಡತದಲ್ಲಿಯಾದರೋ, ಹಿರಿಯ ಯಜಮಾನ ತೀರಿಕೊಂಡು ಮಗನಿನ್ನೂ ಬಾಲಕನಾಗಿದ್ದ ಮೂರು ವರ್ಷ ಕಂದಾಯ ಕಟ್ಟಿದವಳು ಆತನ ಹೆಂಡತಿ ಎಂದು ಹೆಸರು ಸಹಿತ ಬರೆದಿದೆ. ಆಕೆ ಕಟ್ಟದಿದ್ದರೆ ಜಮೀನು ಉಳಿಯುತ್ತಿತ್ತೆ? ಬಳಪದ ಬರಹ ಬೆರಳು ಸೋಕಿದರೂ ಮಾಸುತ್ತದೆ. ಅಷ್ಟು ಕಾಲ ಅದು ಉಳಿದದ್ದೇ ಸೋಜಿಗ.

ಹುಡುಗಿ ಆಕೆಯ ಹೆಸರನ್ನು ವೃಕ್ಷದಲ್ಲಿ ಸೇರಿಸಿದಳು. ಈ ಸಲ ಕೆಳಗೆ ಹೀಗೆ ಬರೆದಳು: 'ಎರಡನೆಯ ಕಡತ, ಏಳನೆಯ ಮಡಿಕೆ. ಬರೆದವರು ತಿಳಿಯದು. ಮುತ್ತಜ್ಜನಿಂದ ದೊಡ್ಡಜ್ಜನಿಗೆ, ಅವರಿಂದ ಅಜ್ಜನಿಗೆ ಬಂದದ್ದು, ಜಯಪುರದ ಮನೆಯಲ್ಲಿದೆ. ಮೂಲವನ್ನು ನಾನೇ ಓದಿದ್ದೇನೆ.' ಅದರ ಮುಂದೆ ಓದಿದ ದಿನದ ತಾರೀಖು.

ವಂಶಾವಳಿಯಲ್ಲಿ ಹೆಂಗಸರ ಹೆಸರೇಕೆ ಎಂದು ನನ್ನ ಅಣ್ಣ ತಕರಾರು ತೆಗೆದರು. ಆಕೆ ವಾದಿಸಲಿಲ್ಲ, ಏಳನೆಯ ಮಡಿಕೆಯನ್ನು ಬಿಡಿಸಿ ಅವರ ಮುಂದಿಟ್ಟಳು. ಅಣ್ಣ ಕನ್ನಡಕವನ್ನು ತರಿಸಿಕೊಂಡು, ಜಗಲಿಯ ಬೆಳಕಿಗೆ ಬಂದು, ಆ ಸಾಲನ್ನು ಎರಡು ಸಲ ಓದಿದರು.