ಸುಮ್ಮನೆ ಅಡ್ಡಾಡಲು ಒಂದು ಕಡಲತೀರ

ನಮ್ಮ ಹಳ್ಳಿಗಳಲ್ಲಿ ನಡೆಯದವರು ಯಾರಿದ್ದಾರೆ? ಹೊಲಕ್ಕೆ ನಡೆಯುತ್ತೇವೆ, ನೀರಿಗೆ ನಡೆಯುತ್ತೇವೆ, ಬಸ್ ತಪ್ಪಿದರೆ ಮುಂದಿನ ಊರಿನ ತನಕ ನಡೆಯುತ್ತೇವೆ. ಆದರೆ ಸುಮ್ಮನೆ ನಡೆಯುವುದು ಮಾತ್ರ ನಮಗೆ ರೂಢಿಯಿಲ್ಲ. ಕೈಯಲ್ಲಿ ಕುಡುಗೋಲೋ ಬುತ್ತಿಗಂಟೋ ಕೊಡವೋ ಇರಲೇಬೇಕು. ಅದರಲ್ಲೂ ಹೆಣ್ಣುಮಗಳೊಬ್ಬಳು ಬರಿಗೈಯಲ್ಲಿ ಹೊರಟರೆ ‘ಎಲ್ಲಿಗೆ ಹೊಂಟಿ?’ ಎಂದು ಕೇಳುವವರು ಹತ್ತು ಮಂದಿ. ‘ಸುಮ್ನ’ ಎಂದರೆ ನಂಬುವವರು ಒಬ್ಬರೂ ಇಲ್ಲ.

ಹೀಗಿರುವಾಗ ಡಾಕ್ಟರು ‘ದಿನಾ ಅರ್ಧ ತಾಸು ವಾಕಿಂಗ್ ಮಾಡಿ’ ಎಂದರೆ ನಮ್ಮ ಹಿರಿಯರಿಗೆ ನಗು ಬರುತ್ತದೆ. ಜೀವಮಾನವೆಲ್ಲ ನಡೆದು ಮೊಣಕಾಲು ಸವೆಸಿಕೊಂಡವರಿಗೆ ಮತ್ತೆ ನಡೆಯಿರಿ ಎನ್ನುವುದೇನು? ಆದರೆ ಡಾಕ್ಟರು ಹೇಳುವುದು ಬೇರೆ ನಡಿಗೆ. ಹೊರೆ ಇಲ್ಲದ, ಅವಸರವಿಲ್ಲದ, ತಲುಪಬೇಕಾದ ಊರಿಲ್ಲದ ನಡಿಗೆ. ಅಂಥ ನಡಿಗೆಗೆ ಜಾಗ ಬೇಕು. ಆ ಜಾಗದಲ್ಲಿ ಯಾರೂ ‘ಎಲ್ಲಿಗೆ’ ಎಂದು ಕೇಳಬಾರದು.

ಕಳೆದ ಜನವರಿಯಲ್ಲಿ ನಾವು ಮೂವರು ಗೆಳೆಯರು ಕಾರವಾರಕ್ಕೆ ಹೋಗುವಾಗ ನಮ್ಮಲ್ಲೊಬ್ಬನ ತಾಯಿಯನ್ನೂ ಕರೆದುಕೊಂಡು ಹೋದೆವು. ಅವರದು ಹಾವೇರಿ ಕಡೆಯ ಹಳ್ಳಿ. ನಾವೆಲ್ಲ ಅವರನ್ನು ಅವ್ವ ಎಂದೇ ಕರೆಯುವುದು. ಅರವತ್ತು ದಾಟಿದ್ದರೂ ಅವ್ವ ಸಮುದ್ರ ನೋಡಿರಲಿಲ್ಲ. ಶಕ್ತಿ ಯೋಜನೆ ಬಂದಿದ್ದರಿಂದ ಅವರು ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆದರು, ನಾವು ದುಡ್ಡು ಕೊಟ್ಟೆವು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿ ಬಸ್ಸು ಕಾರವಾರ ಮುಟ್ಟಿತು. ನಿಲ್ದಾಣದಿಂದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ನಡೆದೇ ಹೋಗಬಹುದು.

ಮರಳಿಗೆ ಕಾಲಿಟ್ಟು ಎರಡು ನಿಮಿಷ ಆಗಿರಲಿಲ್ಲ. ಅವ್ವ ಕೇಳಿದರು: “ಇಲ್ಲೇನ್ ಕೆಲಸ ಐತ್ರೋ?”

“ಕೆಲಸ ಏನಿಲ್ಲ ಅವ್ವ. ಸುಮ್ನ ಅಡ್ಡಾಡಾಕ.”

“ಸುಮ್ನ ಅಡ್ಡಾಡಾಕ ಘಟ್ಟ ಇಳದ್ ಬಂದ್ವೇನು?”

ಆದರೂ ನಡೆದರು. ರಸ್ತೆ ಕಡೆಯ ಒಣ ಮರಳಿನಲ್ಲಿ ಕಾಲು ಹೂತು ಮೊಣಕಾಲು ನೋಯುತ್ತದೆ ಎಂದರು. ನೀರಿನ ಕಡೆ ಇಳಿದು, ಅಲೆ ಬಂದು ಹೋದ ಜಾಗಕ್ಕೆ ಬಂದಾಗ ನೆಲ ಗಟ್ಟಿಯಾಯಿತು. ನೀರು ಕುಡಿದ ಮರಳಿನ ಕಣಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ, ಅದಕ್ಕೇ ಹೆಜ್ಜೆ ಹೂಳುವುದಿಲ್ಲ. ಆಗ ಇಳಿತದ ಹೊತ್ತು. ಸಮುದ್ರ ಹಿಂದೆ ಸರಿದು ಅಗಲವಾದ ನುಣ್ಣನೆಯ ದಾರಿ ಬಿಟ್ಟಿತ್ತು. ದಿನಕ್ಕೆ ಸಾಮಾನ್ಯವಾಗಿ ಎರಡು ಸಲ ಭರತ, ಎರಡು ಸಲ ಇಳಿತ. ಇವತ್ತಿನ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಮೊಣಕಾಲು ನೋವಿನವರು ಇಳಿತದ ಹೊತ್ತು ನೋಡಿ ಹೋದರೆ ನಡಿಗೆ ಹಗುರ.

ಈ ತೀರಕ್ಕೆ ಟ್ಯಾಗೋರರ ಹೆಸರು ಸುಮ್ಮನೆ ಬಂದದ್ದಲ್ಲ. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ರವೀಂದ್ರನಾಥರು ಕಾರವಾರಕ್ಕೆ ಬಂದು ಉಳಿದಿದ್ದರು. ಅವರ ಅಣ್ಣ ಸತ್ಯೇಂದ್ರನಾಥ ಟ್ಯಾಗೋರರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು, ಐಸಿಎಸ್ ಪಾಸಾದ ಮೊದಲ ಭಾರತೀಯರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ ಬಂದು, ನದೀಮುಖದಲ್ಲಿ ಇಳಿದು, ಈ ಮರಳಿನ ಮೇಲೆ ಮನೆತನಕ ನಡೆದು ಬಂದದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದದ್ದೂ ಇಲ್ಲಿಯೇ. ನ್ಯಾಯಾಧೀಶರ ತಮ್ಮನಿಗೆ ಸುಮ್ಮನೆ ನಡೆಯುವ ಬಿಡುವು ಇತ್ತು. ಅದೇ ಮರಳಿನಲ್ಲಿ ಅವತ್ತೂ ಬಲೆ ಹೊತ್ತು ನಡೆದವರು ಇದ್ದಿರಬೇಕು. ಅವರ ಹೆಸರು ಎಲ್ಲೂ ಬರೆದಿಟ್ಟಿಲ್ಲ.

ಈಗ ಇಲ್ಲಿ ಎಲ್ಲವೂ ಇದೆ. ಚಪಲ್ ಎಂಬ ಯುದ್ಧನೌಕೆಯನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಉತ್ಸವ ನಡೆಯುವ ಮಯೂರವರ್ಮ ವೇದಿಕೆ ಇದೆ. ಗಾಳಿಮರಗಳಿವೆ, ಚುರುಮುರಿ ಗಾಡಿಗಳಿವೆ. ದೂರದಲ್ಲಿ ದ್ವೀಪಗಳು ಕಾಣುತ್ತವೆ. ಪಕ್ಕದಲ್ಲೇ ಹೆದ್ದಾರಿ, ಅದರ ಸದ್ದು. ಅವ್ವ ಹಡಗನ್ನು ಒಂದು ಸಲ ನೋಡಿ ಮುಂದೆ ನಡೆದರು. ಅವರ ಕಣ್ಣು ನಿಂತದ್ದು ಬೇರೆ ಕಡೆ.

ಮರಳಿನ ಮೇಲೆ ಎರಡು ಕಡೆ ಹಗ್ಗ ಹಿಡಿದು ಜನ ಸಾಲಾಗಿ ನಿಂತಿದ್ದರು. ಏಂಡಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಚಂದ್ರದಂತೆ ನೀರಿಗೆ ಬಿಟ್ಟು, ಎರಡೂ ತುದಿಯನ್ನು ದಡಕ್ಕೆ ತಂದು, ಎರಡು ಗುಂಪು ಸೇರಿ ಎಳೆಯುವ ಹಳೆಯ ಪದ್ಧತಿ ಇದು. ಇದರ ದೊಡ್ಡ ರೂಪವೇ ರಂಪಣಿ. ಒಂದು ಕಾಲಕ್ಕೆ ಇಡೀ ಕೇರಿಯೇ ಸೇರಿ ರಂಪಣಿ ಎಳೆಯುತ್ತಿತ್ತು, ಸಿಕ್ಕ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸಿನ್ ಬೋಟುಗಳು ಬಂದು ಬಂಗುಡೆ, ತಾರ್ಲೆಯನ್ನು ಸಮುದ್ರದಲ್ಲೇ ಸುತ್ತುಗಟ್ಟಿ ಹಿಡಿಯತೊಡಗಿದವು. ಮೀನು ದಡದ ತನಕ ಬರುವುದು ಕಡಿಮೆಯಾಯಿತು, ರಂಪಣಿ ಸೊರಗಿತು. ಉಳಿದಿರುವುದು ಇಂಥ ಸಣ್ಣ ಬಲೆಗಳು.

ಹಗ್ಗದ ಹತ್ತಿರ ಬರುತ್ತಲೇ ಅವ್ವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. ಹಗ್ಗ ದಾಟಲಿಲ್ಲ, ಎಳೆಯುವವರ ಬೆನ್ನ ಹಿಂದಿನಿಂದ ಸುತ್ತಿ ಬಂದರು. ಯಾಕೆ ಎಂದು ಕೇಳಿದೆವು.

“ಇದು ಅವರ ಕಣ ಅಲ್ಲೇನ್ರೋ? ಕಣದಾಗ ಚಪ್ಪಲಿ ಹಾಕ್ಕೊಂಡ್ ಅಡ್ಡಾಡ್ತಾರೇನು?”

ರಾಶಿ ಮಾಡುವ ಕಣಕ್ಕೆ ನಾವು ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಸಮುದ್ರವನ್ನು ಮೊದಲ ಸಲ ನೋಡಿದ ರೈತ ಹೆಣ್ಣುಮಗಳಿಗೆ ಮರಳು ಕಣವಾಗಿ ಕಂಡಿತು. ಬಲೆ ದಡಕ್ಕೆ ಬಂತು. ಸಣ್ಣ ಮೀನು ಒಂದಿಷ್ಟು, ಏಡಿ ನಾಲ್ಕಾರು, ಪ್ಲಾಸ್ಟಿಕ್ ಚೀಲವೂ ಒಂದಿಷ್ಟು. ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸೊಬ್ಬರು ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಅವ್ವನ ಜೊತೆ ಮಾತಿಗೆ ನಿಂತರು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯಲಿಲ್ಲ. ಮಳೆ, ದರ, ದಲ್ಲಾಳಿ ಎಂಬ ಮೂರು ಮಾತು ತಿಳಿದವು, ಅಷ್ಟು ಸಾಕಾಯಿತು.

ಈ ಕಣದ ಕಥೆ ನಮ್ಮ ಓದುಗರಿಗೆ ಗೊತ್ತಿರಬೇಕು. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಇದೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ದೇಶಕ್ಕೆ ನೌಕಾನೆಲೆ ಬೇಕು, ಸರಿ. ಅದಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕಿನ ಹಳ್ಳಿಗಳು ಊರು ಬಿಟ್ಟವು, ಮೀನುಗಾರರ ತೀರಗಳು ಬೇಲಿಯೊಳಗೆ ಹೋದವು. ಉಳಿದ ತೀರದಲ್ಲಿ ಊರಿಗೆ ಅಂಟಿಕೊಂಡಿರುವುದು ಇದು. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಬಂದರಿನ ಎರಡನೇ ಹಂತದ ವಿಸ್ತರಣೆ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಊರು ಬಂದ್ ಆಯಿತು. ಅಲೆತಡೆ ಗೋಡೆ ಬಂದರೆ ಈ ತೀರ ಕೈತಪ್ಪುತ್ತದೆ ಎಂಬುದು ಅವರ ಭಯ. ವಿಷಯ ಹೈಕೋರ್ಟಿಗೆ ಹೋಯಿತು, ಕೆಲಸಕ್ಕೆ ತಡೆ ಬಂತು. ಬಂದರು ಬೆಳೆದರೆ ಕೆಲಸ ಸಿಗುತ್ತದೆ ಎನ್ನುವವರೂ ಊರಲ್ಲಿದ್ದಾರೆ. ಆದರೆ ತೀರ ಒಮ್ಮೆ ಹೋದರೆ ಬಲೆ ಎಳೆಯುವವರಿಗೂ ಜಾಗವಿಲ್ಲ, ಸುಮ್ಮನೆ ನಡೆಯುವವರಿಗೂ ಜಾಗವಿಲ್ಲ. ನಮ್ಮೂರ ಗೋಮಾಳಕ್ಕೆ ಬೇಲಿ ಬಿದ್ದಾಗ ಏನಾಯಿತೆಂದು ನೆನಪಿಸಿಕೊಂಡರೆ ಇದು ಅರ್ಥವಾಗುತ್ತದೆ.

ಬಯಲುಸೀಮೆಯಿಂದ ಹೋಗುವವರಿಗೆ ಒಂದೆರಡು ಮಾತು. ನಡೆಯಲು ಸಮುದ್ರದಷ್ಟು ಒಳ್ಳೆಯ ನೆರೆ ಇಲ್ಲ, ಈಜಲು ಅದರಷ್ಟು ಮೋಸದ ನೀರೂ ಇಲ್ಲ. ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ನೀರು ಶಾಂತವಾಗಿ ಕಂಡರೆ, ಅಲ್ಲಿ ಸೆಳವು ಇರಬಹುದು, ಇಳಿಯಬೇಡಿ. ಸಿಕ್ಕಿಬಿದ್ದರೆ ಸೆಳವಿಗೆ ಎದುರಾಗಿ ಈಜದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು. ಮಳೆಗಾಲದಲ್ಲಿ ನೀರಿನ ಹತ್ತಿರವೇ ಹೋಗಬೇಡಿ. ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಜನ ಹೆಚ್ಚಿದ್ದರೆ ಇಳಿದುಬಿಡಿ. 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಸತ್ತವರಲ್ಲಿ ನಮ್ಮ ಕಡೆಯ ಜನರೂ ಇದ್ದರು.

ಬರಿಗಾಲಲ್ಲಿ ನಡೆಯುವಾಗ ಗಾಜಿನ ಚೂರು, ಮೀನಿನ ಗಾಳ ನೋಡಿಕೊಳ್ಳಿ. ದಡಕ್ಕೆ ಬಿದ್ದ ಲೋಳೆಮೀನನ್ನು ಮುಟ್ಟಬೇಡಿ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಈ ಕರಾವಳಿಯ ಮರಳಲ್ಲಿ ಮೊಟ್ಟೆ ಇಡುತ್ತವೆ. ಬಲೆ ಸುತ್ತಿ ಗುರುತು ಮಾಡಿದ ಜಾಗ ಕಂಡರೆ ದೂರದಿಂದ ಹೋಗಿ. ಚುರುಮುರಿ ತಿಂದ ಕಾಗದವನ್ನು ಜೇಬಲ್ಲಿಟ್ಟುಕೊಳ್ಳಿ. ಬಿಸಾಡಿದ್ದು ನಾಳೆ ಯಾರದೋ ಬಲೆಗೆ ಬರುತ್ತದೆ.

ಈ ತೀರಕ್ಕೆ ಗೇಟಿಲ್ಲ, ನಡೆಯಲು ಟಿಕೆಟ್ ಇಲ್ಲ. ಬೆಳಗ್ಗೆ ಬಿಸಿಲೇರುವ ಮುಂಚೆ, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ ಹೋಗಿ. ನಿಮ್ಮ ಮನೆಯಲ್ಲೂ ಇಷ್ಟು ವರ್ಷ ಬರಿಗೈಯಲ್ಲಿ ಹೊರಗೆ ಹೋಗದ ಒಬ್ಬ ತಾಯಿಯೋ ಅತ್ತೆಯೋ ಅಜ್ಜಿಯೋ ಇರುತ್ತಾರೆ. ಅವರನ್ನು ಕರೆದುಕೊಂಡು ಹೋಗಿ. ಚೀಲವನ್ನು ನೀವು ಹಿಡಿದುಕೊಳ್ಳಿ. ಅವರು ತಮ್ಮ ಹೆಜ್ಜೆಯಲ್ಲಿ ನಡೆಯಲಿ.