ನಾನಿಯ ತಮ್ಮನ ಪಾಲು

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಎಂಬ ಬೋಟು ಆಳಸಮುದ್ರ ಮೀನುಗಾರಿಕೆಗೆ ಹೊರಟಿತು. ಅದರಲ್ಲಿ ಏಳು ಮಂದಿ ಇದ್ದರು. ಇಬ್ಬರು ನಮ್ಮ ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಎರಡು ಮೂರು ದಿನಗಳಲ್ಲೇ ಬೋಟಿನ ಸಂಪರ್ಕ ತಪ್ಪಿತು. ನಾನಾಗ ಐದನೇ ತರಗತಿ. ಯಾರೋ ಅಪಹರಿಸಿದ್ದಾರೆ ಎಂದು ಕೆಲವರು, ಮುಳುಗಿರಬೇಕು ಎಂದು ಕೆಲವರು ಮಾತಾಡಿಕೊಳ್ಳುತ್ತಿದ್ದದ್ದು ನೆನಪಿದೆ. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಇಳಿದು ‘ನಮ್ಮವರನ್ನು ಹುಡುಕಿ ಕೊಡಿ’ ಎಂದು ಕೇಳಿದರು. 2019ರ ಮೇ ತಿಂಗಳ ಮೊದಲ ವಾರ, ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ಬಳಿ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿದ ಸುದ್ದಿ ಬಂತು. ಬೋಟು ಸಿಕ್ಕಿತು, ಏಳು ಜನ ಸಿಗಲಿಲ್ಲ.

ಆ ಸುದ್ದಿ ಟಿವಿಯಲ್ಲಿ ಬಂದ ದಿನ ಮನೆಯಲ್ಲಿ ಎಲ್ಲರೂ ಬೋಟು ಹೇಗೆ ಮುಳುಗಿತು ಎಂದು ಚರ್ಚಿಸುತ್ತಿದ್ದರೆ ನಮ್ಮ ನಾನಿ ಒಬ್ಬರೇ ಬೇರೆ ಪ್ರಶ್ನೆ ಕೇಳಿದರು: “ಆ ತಾಯಂದಿರಿಗೆ ಈಗ ಏನು ಹೇಳುತ್ತಾರೆ?” ಯಾರೂ ಉತ್ತರ ಕೊಡಲಿಲ್ಲ. ನಾನಿ ಯಾಕೆ ಹಾಗೆ ಕೇಳಿದರು ಎಂದು ಮನೆಯವರಿಗೆಲ್ಲ ಗೊತ್ತಿತ್ತು.

ನಾನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ತಮ್ಮ ಬಾಂಬೆಯ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದರು. ಎರಡು ತಿಂಗಳಿಗೊಮ್ಮೆ ಮನಿಯಾರ್ಡರ್ ಬರುತ್ತಿತ್ತು, ಅದರ ಹಿಂದೆಯೇ ಅಕ್ಕನಿಗೆ ಉರ್ದುವಿನಲ್ಲಿ ಒಂದು ಕಾಗದ. 1995ರಲ್ಲಿ ಬಂದ ಕೊನೆಯ ಕಾಗದದಲ್ಲಿ ಬಕ್ರೀದ್‌ಗೆ ಬರುತ್ತೇನೆ ಎಂದು ಬರೆದಿದ್ದರು. ಬರಲಿಲ್ಲ. ನಾನಿಯ ತಂದೆ ಹುಡುಕಿಕೊಂಡು ಬಾಂಬೆಗೆ ಹೋದರು. ಅವನು ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋದ, ಗಲ್ಫ್‌ಗೆ ಕಳಿಸುವ ಏಜೆಂಟ್ ಸಿಕ್ಕಿದ್ದಾನೆ ಎನ್ನುತ್ತಿದ್ದ ಎಂದು ಬೇಕರಿಯವರು ಹೇಳಿದರಂತೆ. ಅಷ್ಟೇ. ಅಲ್ಲಿನ ಪೊಲೀಸ್ ಠಾಣೆಯಲ್ಲಿ ‘ನಿಮ್ಮ ಊರಿನಲ್ಲಿ ದೂರು ಕೊಡಿ’ ಎಂದರು, ಊರಿನ ಠಾಣೆಯಲ್ಲಿ ‘ಕಾಣೆಯಾಗಿದ್ದು ಅಲ್ಲಿ, ಅಲ್ಲೇ ಕೊಡಬೇಕು’ ಎಂದರು. ಕೊನೆಗೆ ದೂರು ಎಲ್ಲೂ ದಾಖಲಾಗಲಿಲ್ಲ. ನಮಗೆಲ್ಲ ಅವರು ಛೋಟೆ ನಾನಾ. ಈಗ ಅವರಿಗೆ ಐವತ್ತಮೂರು ಆಗಿರಬೇಕು. ಮನೆಯಲ್ಲಿರುವ ಒಂದೇ ಫೋಟೋದಲ್ಲಿ ಅವರು ನನ್ನ ಅಣ್ಣನಿಗಿಂತ ಚಿಕ್ಕವರಾಗಿ ಕಾಣುತ್ತಾರೆ.

ಇಂಥ ಮನೆಗಳ ಕಷ್ಟ ಏನೆಂದರೆ, ಸಾವಿಗೆ ನಮ್ಮಲ್ಲಿ ಎಲ್ಲ ವ್ಯವಸ್ಥೆಯೂ ಇದೆ, ಕಾಣೆಯಾಗುವುದಕ್ಕೆ ಇಲ್ಲ. ಯಾರಾದರೂ ತೀರಿಹೋದರೆ ಏನು ಮಾಡಬೇಕೆಂದು ಮೊಹಲ್ಲಾದ ಮಕ್ಕಳಿಗೂ ಗೊತ್ತು. ಗುಸ್ಲ್, ಕಫನ್, ಜನಾಜಾ ನಮಾಜ್, ಮೂರು ದಿನ ನೆರೆಮನೆಯಿಂದ ಊಟ. ಛೋಟೆ ನಾನಾರ ವಿಷಯದಲ್ಲಿ ಯಾವ ದಿನ ನೆರೆಯವರು ಊಟ ತರಬೇಕಿತ್ತು? ಶಬ್-ಎ-ಬರಾತ್‌ನ ರಾತ್ರಿ ಖಬರಸ್ತಾನಕ್ಕೆ ಹೋಗುವವರಿಗೆ ನಾನಿ ಒಂದೊಂದೇ ಹೆಸರು ಹೇಳಿ ಕಳಿಸುತ್ತಾರೆ. ಆ ಪಟ್ಟಿಯಲ್ಲಿ ತಮ್ಮನ ಹೆಸರಿಲ್ಲ. ಹಾಗೆಂದು ಹಬ್ಬದ ದಿನ ಫೋನ್ ಮಾಡಿ ಸಲಾಂ ಹೇಳಬೇಕಾದವರ ಪಟ್ಟಿಯಲ್ಲೂ ಇಲ್ಲ. ದುವಾ ಮಾಡುವಾಗ ಏನು ಕೇಳುತ್ತೀರಿ ಎಂದು ಒಮ್ಮೆ ಕೇಳಿದೆ. ಬದುಕಿದ್ದರೆ ಸಲಾಮತಿ ಕೇಳಬೇಕು, ಇಲ್ಲವಾದರೆ ಮಗ್‌ಫಿರತ್ ಕೇಳಬೇಕು. ನಾನಿ ಎರಡನ್ನೂ ಕೇಳುವುದಿಲ್ಲ. “ಯಾ ಅಲ್ಲಾಹ್, ಎಲ್ಲಿದ್ದರೂ ಅವನ ಮೇಲೆ ರಹಮ್ ಮಾಡು” ಎನ್ನುತ್ತಾರಂತೆ. ಮೂವತ್ತು ವರ್ಷಗಳಿಂದ ಅದೇ ಮಾತು.

ಕಾನೂನು ಹೀಗೆ ಎರಡೂ ಕಡೆ ನಿಲ್ಲುವುದಿಲ್ಲ, ಅದಕ್ಕೊಂದು ಅವಧಿ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಸೆಕ್ಷನ್. ಒಬ್ಬ ವ್ಯಕ್ತಿಯ ಸುದ್ದಿ ಸಹಜವಾಗಿ ಯಾರಿಗೆ ತಿಳಿಯಬೇಕಿತ್ತೋ ಅವರಿಗೆ ಏಳು ವರ್ಷ ಏನೂ ತಿಳಿಯದಿದ್ದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಇಲ್ಲದಿದ್ದರೆ ಸತ್ತಿದ್ದಾನೆ ಎಂದೇ ಲೆಕ್ಕ. ಕೇಳಲು ಸರಳವಾಗಿದೆ. ಆದರೆ ಯಾವ ದಿನ ಸತ್ತ ಎಂದು ಈ ಸೆಕ್ಷನ್ ಹೇಳುವುದಿಲ್ಲ. ಕಾಮರ್ಸ್ ಓದುವ ನಮಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ಕಾಣೆಯಾದವನ ಹೆಸರಿನಲ್ಲಿ ಜೀವ ವಿಮೆ ಇದೆ ಎಂದಿಟ್ಟುಕೊಳ್ಳಿ. ಅವನು ಕಾಣೆಯಾದ ದಿನವೇ ಸತ್ತ ಎಂದು ಹಿಡಿದು ಹಣ ಕೇಳುವ ಹಾಗಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಒಂದು ವಿಮೆ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅಲ್ಲಿಯವರೆಗೆ ಪ್ರೀಮಿಯಂ ಕಟ್ಟದೆ ಪಾಲಿಸಿ ರದ್ದಾಗಿದ್ದರೆ ಪೂರ್ತಿ ಹಣವೂ ಸಿಗುವುದಿಲ್ಲ. ಅಂದರೆ ದುಡಿಯುವವನೇ ಇಲ್ಲದ ಮನೆ, ಅವನು ಬದುಕಿದ್ದಾನೆ ಎಂಬ ಲೆಕ್ಕದಲ್ಲಿ ಏಳು ವರ್ಷ ಪ್ರೀಮಿಯಂ ಕಟ್ಟಬೇಕು! ತರ್ಕ ಅರ್ಥವಾಗುತ್ತದೆ. ಆದರೂ ಆ ರಸೀದಿಗಳನ್ನು ಒಂದೊಂದಾಗಿ ಕಟ್ಟಿಡುವ ಹೆಂಗಸನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ.

ಛೋಟೆ ನಾನಾಗೆ ಮದುವೆಯಾಗಿರಲಿಲ್ಲ. ಆಗಿದ್ದರೆ ಇನ್ನೊಂದು ಲೆಕ್ಕ ಇರುತ್ತಿತ್ತು. ಕಾಣೆಯಾದವನನ್ನು ಫಿಖ್‌ಹ್‌ನಲ್ಲಿ ಮಫ್‌ಖೂದ್ ಎನ್ನುತ್ತಾರೆ. ಹನಫಿಗಳ ಹಳೆಯ ಅಭಿಪ್ರಾಯದಲ್ಲಿ ಅವನ ಓರಗೆಯವರೆಲ್ಲ ತೀರಿಹೋಗುವ ವಯಸ್ಸಿನವರೆಗೆ ಹೆಂಡತಿ ಕಾಯಬೇಕು, ಕೆಲವರು ಅದನ್ನು ತೊಂಬತ್ತು ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಇಪ್ಪತ್ತು ವರ್ಷದ ಹುಡುಗಿ ಅಷ್ಟು ಕಾಲ ಕಾಯುವುದು ಹೇಗೆ? ಮಾಲಿಕಿಗಳು ನಾಲ್ಕು ವರ್ಷ ಸಾಕು ಎಂದರು. ಹಿಂದುಸ್ತಾನದಲ್ಲಿ ಇಂಥ ಹೆಂಗಸರ ಸಂಕಟ ನೋಡಿ ಮೌಲಾನಾ ಅಶ್ರಫ್ ಅಲಿ ಥಾನವಿಯವರು, ತಾವು ಹನಫಿಯಾಗಿದ್ದೂ, ಮಾಲಿಕಿ ಫತ್ವಾಗಳನ್ನು ಆಧರಿಸಿ ಒಂದು ಪುಸ್ತಕವನ್ನೇ ಬರೆದರು. 1939ರಲ್ಲಿ ಬಂದ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯ ಮೊದಲ ಕಾರಣವೇ ಇದು: ನಾಲ್ಕು ವರ್ಷ ಗಂಡನ ಸುಳಿವಿಲ್ಲದಿರುವುದು. ಆ ಕಾರಣದ ಮೇಲೆ ಸಿಕ್ಕ ಡಿಕ್ರಿ ಆರು ತಿಂಗಳು ಜಾರಿಗೆ ಬರುವುದಿಲ್ಲ, ಅಷ್ಟರಲ್ಲಿ ಅವನು ಬಂದರೆ? ಕಾನೂನಿನ ಪುಸ್ತಕದಲ್ಲೂ ಯಾರೋ ಬಾಗಿಲು ಅರ್ಧ ತೆರೆದಿಟ್ಟ ಹಾಗಿದೆ. ಈ ಆರು ತಿಂಗಳು ನನಗೆ ತುಂಬ ಇಷ್ಟವಾಯಿತು.

ಬಾಗಿಲು ಎಂದಾಗ ಕೇರಳದ ಒಬ್ಬ ತಂದೆಯ ವಿಷಯ ಹೇಳಬೇಕು. ತುರ್ತು ಪರಿಸ್ಥಿತಿಯ ಕಾಲ, 1976ರ ಮಾರ್ಚ್ 1. ಕ್ಯಾಲಿಕಟ್‌ನ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಹಾಸ್ಟೆಲ್‌ನಿಂದ ಕರೆದೊಯ್ದರು. ತಂದೆ ಈಚರ ವಾರಿಯರ್ ಹಿಂದಿ ಪ್ರಾಧ್ಯಾಪಕರು. ಮರುವರ್ಷ ಅವರು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಮಗ ಕಸ್ಟಡಿಯಲ್ಲಿ ತೀರಿಕೊಂಡ ಎಂದು ಕೊನೆಗೆ ಸರ್ಕಾರ ಒಪ್ಪಿತು, ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆಯನ್ನೂ ಕೊಟ್ಟರು. ದೇಹ ಮಾತ್ರ ಸಿಗಲೇ ಇಲ್ಲ. ಆ ತಂದೆ ಬರೆದ ನೆನಪುಗಳ ಪುಸ್ತಕ ಇಂಗ್ಲಿಷ್‌ನಲ್ಲಿ ಸಿಗುತ್ತದೆ, ಕಾಲೇಜು ವಿದ್ಯಾರ್ಥಿಗಳು ಓದಬೇಕು. ಮಗ ಯಾವ ಹೊತ್ತಿಗಾದರೂ ಹಸಿದು ಬರಬಹುದೆಂದು ಒಬ್ಬನ ಪಾಲಿನ ಅನ್ನ ತೆಗೆದಿಡುವಂತೆ ಅವರು ಮನೆಯಲ್ಲಿ ಹೇಳುತ್ತಿದ್ದರು. ಓದಿದ ಮನುಷ್ಯ, ಕೋರ್ಟಿನಲ್ಲಿ ಗೆದ್ದ ಮನುಷ್ಯ, ಆದರೂ ಅನ್ನ ತೆಗೆದಿಟ್ಟರು. ನಾನಿ ಓದದವರಾದ್ದರಿಂದ ಹೀಗೆ ಹಟ ಮಾಡುತ್ತಾರೆ ಎನ್ನುವ ನನ್ನ ಕಸಿನ್‌ಗಳಿಗೆ ನಾನು ಈ ಪುಸ್ತಕವನ್ನೇ ತೋರಿಸುತ್ತೇನೆ.

‘ಸಬ್ರ್ ಮಾಡಿ’ ಎಂದು ಹೇಳುವವರೂ ಇದ್ದಾರೆ. ಒಳ್ಳೆಯ ಮಾತೇ. ಆದರೆ ಯೂಸುಫ್‌ರನ್ನು ಕಳೆದುಕೊಂಡ ಯಾಖೂಬ್ ಅಲೈಹಿಸ್ಸಲಾಂ ಅವರ ಕಣ್ಣು ದುಃಖದಿಂದ ಬೆಳ್ಳಗಾಯಿತು, ಇನ್ನೂ ಅವನನ್ನೇ ನೆನೆಯುತ್ತೀರಲ್ಲ ಎಂದು ಮನೆಯವರೇ ಆಕ್ಷೇಪಿಸಿದರು. ಹೋಗಿ ಯೂಸುಫ್‌ನನ್ನು ಹುಡುಕಿ ಎಂದೇ ಅವರು ಮಕ್ಕಳಿಗೆ ಹೇಳಿದರು. ಸಬ್ರ್‌ಗೆ ಅವರನ್ನೇ ಉದಾಹರಣೆಯಾಗಿ ಕೊಡುವ ನಾವು, ಅಳಬೇಡಿ, ಹುಡುಕಬೇಡಿ ಎಂಬ ಅರ್ಥವನ್ನು ಆ ಪದಕ್ಕೆ ಎಲ್ಲಿಂದ ತಂದೆವೋ!

ಹುಡುಕುವ ವಿಷಯದಲ್ಲಿ ಒಂದೆರಡು ಮಾತು. 24 ಗಂಟೆ ಕಾದ ಮೇಲೇ ದೂರು ಕೊಡಬೇಕು ಎಂಬುದು ಸಿನಿಮಾದ ಮಾತು, ಅಂಥ ನಿಯಮವೇ ಇಲ್ಲ. ಮಗು ಕಾಣೆಯಾದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಮಕ್ಕಳ ಸಹಾಯವಾಣಿ 1098. ದೂರಿನ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಬೇಕು. ಇಪ್ಪತ್ತು ಮೂವತ್ತು ವರ್ಷಗಳ ನಂತರವೂ ಅದು ಬೇಕಾಗುತ್ತದೆ. ಎಷ್ಟು ಬೇಕಾಗುತ್ತದೆ ಎಂದು ಈ ವರ್ಷ ನಮ್ಮ ಮನೆಗೆ ಗೊತ್ತಾಯಿತು.

ನಾನಿಯ ತಂದೆ 2003ರಲ್ಲಿ ತೀರಿಕೊಂಡರು, ತಾಯಿ ಅದಕ್ಕೂ ಮೊದಲೇ. ಹದಿನೈದು ಸೆಂಟ್ಸ್ ಜಾಗ, ಒಂದು ಹಂಚಿನ ಮನೆ ಅವರ ಹೆಸರಿನಲ್ಲೇ ಉಳಿದಿದೆ. ನಾನಿಯ ಅಣ್ಣನಿಗೆ ಈಗ ಪಾಲು ಬೇಕು. ಅವರು ದುರಾಸೆಯವರಲ್ಲ, ಹೃದಯದ ಆಪರೇಷನ್ ಆಗಿದೆ, ಸಾಲ ಇದೆ. ಪಾಲುಪಟ್ಟಿಯ ಕರಡು ಕನ್ನಡದಲ್ಲಿತ್ತು. ಅದನ್ನು ಓದಿ ಉರ್ದುವಿನಲ್ಲಿ ಹೇಳುವ ಕೆಲಸ ನನಗೆ ಬಂತು. ಛೋಟೆ ನಾನಾರ ಹೆಸರಿನ ಮುಂದೆ ‘ಅವಿವಾಹಿತ, ಮೃತ’ ಎಂದಿತ್ತು. ಹೇಳಿದೆ. ನಾನಿ ಕಾಗದದ ಮೇಲೆ ಕೈ ಇಟ್ಟರು.

“ಮರ್ ಗಯಾ ಕರ್ಕೊ ಕೌನ್ ಬೋಲೆ ತುಮ್ನಾ?” ಸತ್ತ ಎಂದು ನಿಮಗೆ ಯಾರು ಹೇಳಿದರು?

ನಾನು ಲೆಕ್ಕ ಹಾಕಿ ತೋರಿಸಿದೆ. ಶರಿಯತ್ ಪ್ರಕಾರ ಅಣ್ಣನಿಗೆ ಎರಡು ಪಾಲಾದರೆ ತಂಗಿಗೆ ಒಂದು. ತಮ್ಮ ಇಲ್ಲ ಎಂದು ಬರೆದರೆ ಹದಿನೈದು ಸೆಂಟ್ಸ್‌ನಲ್ಲಿ ಅಣ್ಣನಿಗೆ ಹತ್ತು, ನಾನಿಗೆ ಐದು. ತಮ್ಮ ಇದ್ದಾನೆ ಎಂದರೆ ಅವರಿಬ್ಬರಿಗೂ ಆರಾರು, ನಾನಿಗೆ ಮೂರು. “ಇದ್ದಾನೆ ಎಂದರೆ ನಿಮಗೆ ಎರಡು ಸೆಂಟ್ಸ್ ಕಡಿಮೆ” ಎಂದೆ. ನಮ್ಮ ಊರಿನಲ್ಲಿ ಈಗ ಎರಡು ಸೆಂಟ್ಸ್ ಅಂದರೆ ಚಿಕ್ಕ ಮಾತಲ್ಲ. ನಾನಿ ನನ್ನನ್ನು ನೋಡಿದ ರೀತಿಗೆ ಕ್ಯಾಲ್ಕುಲೇಟರ್ ಕೆಳಗಿಟ್ಟೆ. ಮೂರು ಸಾಕು ಎಂದರು.

ಅಣ್ಣ ಸಿಟ್ಟಾದರು. ಕಾನೂನು ಏಳು ವರ್ಷ ಎನ್ನುತ್ತದೆ, ಮೂವತ್ತಾಯಿತಲ್ಲ ಎಂದರು. ಅವರದು ತಪ್ಪೆಂದು ನಾನು ಹೇಳಲಾರೆ. ಒಂದು ವಾರ ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಮಸೀದಿಯ ಮೌಲಾನಾ ಅವರನ್ನು ಕೇಳಿದಾಗ ಅವರು ಹೇಳಿದ್ದು ನನಗೆ ಆಶ್ಚರ್ಯವಾಯಿತು. ಇದಕ್ಕೆ ಮೊದಲೇ ದಾರಿ ಇದೆಯಂತೆ. ವಾರಸುದಾರನೊಬ್ಬ ಮಫ್‌ಖೂದ್ ಆಗಿದ್ದರೆ, ಅವನು ಇದ್ದಾನೆ ಎಂದೂ ಇಲ್ಲ ಎಂದೂ ಎರಡು ಲೆಕ್ಕ ಹಾಕಬೇಕು. ಉಳಿದವರಿಗೆ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಈಗ ಕೊಡಬೇಕು. ಮಿಕ್ಕಿದ್ದನ್ನು, ಅವನ ವಿಷಯ ತೀರ್ಮಾನವಾಗುವವರೆಗೆ, ಎತ್ತಿಡಬೇಕು. ಅಂದರೆ ಅಣ್ಣನಿಗೆ ಆರು, ನಾನಿಗೆ ಮೂರು, ಆರು ಸೆಂಟ್ಸ್ ಹಾಗೇ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಮುಂದೆ ಹೋಗು ಎಂದು ನಮಗೆ ಅಕೌಂಟೆನ್ಸಿಯಲ್ಲಿ ಕಲಿಸುತ್ತಾರೆ. ಅದನ್ನು ಸಾವಿರ ವರ್ಷ ಹಿಂದಿನ ಫಕೀಹ್‌ಗಳು ಮನುಷ್ಯರಿಗೇ ಮಾಡಿಟ್ಟಿದ್ದರು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ಆರು ಮಾರಿದರೂ ಸಾಲ ತೀರುತ್ತದೆ ಎಂದರು.

ರಿಜಿಸ್ಟ್ರಿ ಅಷ್ಟು ಸುಲಭವಲ್ಲ. ಎತ್ತಿಟ್ಟ ಆರು ಸೆಂಟ್ಸ್‌ನ್ನು ಯಾರ ಹೆಸರಿನಲ್ಲಿ ಹೇಗೆ ತೋರಿಸುವುದು ಎಂದು ವಕೀಲರು ನೋಡುತ್ತಿದ್ದಾರೆ. ಛೋಟೆ ನಾನಾ ಕಾಣೆಯಾದದ್ದಕ್ಕೆ ದಾಖಲೆ ಏನಿದೆ ಎಂದು ಮೊದಲ ದಿನವೇ ಕೇಳಿದರು. ಪೊಲೀಸ್ ದೂರಿನ ಪ್ರತಿ ಇಲ್ಲ, ಪೇಪರಿನಲ್ಲಿ ಕೊಟ್ಟ ಪ್ರಕಟಣೆಯೂ ಇಲ್ಲ. ಇರುವುದು ಆ ಕೊನೆಯ ಕಾಗದ ಒಂದೇ. ಅದನ್ನು ತನ್ನಿ ಎಂದಿದ್ದಾರೆ. ಜೆರಾಕ್ಸ್ ಬೇಕಾದರೆ ಕೊಡುತ್ತೇನೆ, ಅಸಲು ಕೊಡುವುದಿಲ್ಲ ಎಂದು ನಾನಿ ಹೇಳಿದ್ದಾರೆ. ಜೆರಾಕ್ಸ್ ಅಂಗಡಿಗೂ ಅವರೇ ಬರುತ್ತಾರಂತೆ.